ಏಳಬೇಡನ ಕಟ್ಟೆ

ಸಿರಿಗೊಂಡನಹಳ್ಳಿಯ ಹಿರೇಕೆರೆಯ ಏರಿಯಿಂದ ಇಳಿದು ಕುಂಬಾರಗೇರಿಗೆ ತಿರುಗುವ ಮೂಲೆಯಲ್ಲಿ, ಹಳೆಯ ಗೋಣಿಮರವೊಂದರ ಅಡಿಯಲ್ಲಿ, ಏಳಬೇಡನ ಕಟ್ಟೆ ಇದೆ. ಕಟ್ಟೆ ಎಂದ ಮಾತ್ರಕ್ಕೆ ಸೊಂಟದೆತ್ತರಕ್ಕೆ ಕಲ್ಲು ಕಟ್ಟಿ ಮೇಲೆ ನುಣ್ಣನೆಯ ಚಪ್ಪಡಿ ಹಾಸಿದ್ದನ್ನು ಯಾರೂ ನಿರೀಕ್ಷಿಸಬಾರದು. ಇದು ನೆಲದಿಂದ ಬರೀ ಒಂದು ಗೇಣು ಎತ್ತರ. ಉದ್ದ ಎಂಟು ಮೊಳ, ಅಗಲ ಆರು ಮೊಳ. ಮೂರು ಕಡೆ ಕಲ್ಲಿನ ಅಂಚಿದೆ, ನಾಲ್ಕನೆಯ ಕಡೆ ಇಳಿಜಾರಾಗಿ ನೆಲಕ್ಕೆ ಸೇರಿದೆ. ಮೇಲೆ ಹಾಸಿರುವುದು ಒಡೆದ ಮಡಕೆಗಳ ಓಡು. ತಲೆಮಾರುಗಳ ಕಾಲು ತುಳಿದು ತುಳಿದು ಅದರ ಚೂಪೆಲ್ಲ ಸವೆದಿದೆ, ಬೇಸಿಗೆಯ ನಡುಹಗಲಲ್ಲೂ ಅಂಗಾಲಿಗೆ ತಣ್ಣಗಿರುತ್ತದೆ. ಪಕ್ಕದಲ್ಲಿ ಕತ್ತಿನವರೆಗೆ ಹೂತ ಒಂದು ದೊಡ್ಡ ಗುಡಾಣ, ಅದರ ತುಂಬ ನೀರು, ಆ ನೀರಿಗೆ ಮೂತಿಯಿಟ್ಟ ಊರ ನಾಯಿಗಳು. ಪರಸ್ಥಳದವರು ಬಂದು ನೋಡಿ, ಕಲ್ಲು ಸಾಲದೆ ಅರ್ಧಕ್ಕೇ ನಿಲ್ಲಿಸಿಬಿಟ್ಟಿರಾ ಎಂದು ಕೇಳುತ್ತಾರೆ. ಏಳಬೇಡ ಎಂಬುವನು ಯಾವ ಶರಣ, ಯಾವ ವೀರ, ಅವನ ಗದ್ದುಗೆ ಎಲ್ಲಿ ಎಂದೂ ಕೇಳುತ್ತಾರೆ. ಉತ್ತರ ಹೇಳಿ ಹೇಳಿ ಊರಿನವರ ಬಾಯಿ ಒಣಗಿದೆ. ಅವನು ಶರಣನಲ್ಲ, ವೀರನಂತೂ ಮೊದಲೇ ಅಲ್ಲ. ಅವನೊಂದು ನಾಯಿ. ಅದೂ ಎಂಥ ನಾಯಿ ಎಂದರೆ, ಸಾಕಿದವಳ ಪ್ರಾಣವನ್ನು ಎಂಟು ವರ್ಷ ಹಿಂಡಿದ ನಾಯಿ.

ಹಿಂದೆ ಒಮ್ಮೆ ಈ ಸೀಮೆಯನ್ನು ಬೊಮ್ಮಣ್ಣನಾಯಕನೆಂಬ ಪಾಳೆಯಗಾರ ಆಳುತ್ತಿದ್ದನಂತೆ. ಅವನಿಗೆ ಕಂಡದ್ದೆಲ್ಲ ಬೇಕು, ತಂದ ಮೇಲೆ ಯಾವುದೂ ಬೇಡ. ಕಡಲಾಚೆಯಿಂದ ಕುದುರೆ ತರುವ ವರ್ತಕರು ಒಂದು ಸಲ ಬುಟ್ಟಿಯಲ್ಲಿ ನಾಯಿಮರಿಯೊಂದನ್ನು ತಂದು, ಇದು ಬೆಳೆದರೆ ಹೋರಿಗರುವಿನಷ್ಟಾಗುತ್ತದೆ ಎಂದರು. ನಾಯಕ ಹಿಂದೆಮುಂದೆ ನೋಡದೆ ಮೂರು ಕುದುರೆ ಕೊಟ್ಟು ಮರಿಯನ್ನು ಇಟ್ಟುಕೊಂಡ, ರಣಧೀರ ಎಂದು ಹೆಸರನ್ನೂ ಇಟ್ಟ. ಹದಿನೈದು ದಿನ ಕಳೆಯುವಷ್ಟರಲ್ಲಿ ರಣಧೀರ ಅರಮನೆಯ ಎರಡು ಪಲ್ಲಕ್ಕಿಯ ದಿಂಬು ಹರಿದಿತ್ತು, ಲಾಯದ ಕುದುರೆಗಳನ್ನು ಬೆದರಿಸಿತ್ತು, ರಾಣಿಯವರ ಪೂಜೆಯ ತುಪ್ಪವನ್ನು ದೀಪದ ಸಮೇತ ನೆಕ್ಕಿ ಮೂತಿ ಸುಟ್ಟುಕೊಂಡಿತ್ತು. ಅಷ್ಟರಲ್ಲಿ ನಾಯಕನಿಗೆ ದೂರದ ದಂಡಿಗೆ ಹೋಗಬೇಕಾಗಿ ಬಂತು. ರಾಣಿಯವರು, ನೀವು ಬರುವ ತನಕ ಈ ಮನೆಯಲ್ಲಿ ಒಂದೋ ಅದಿರಬೇಕು, ಇಲ್ಲ ನಾನಿರಬೇಕು ಎಂದುಬಿಟ್ಟರು ಎನ್ನುತ್ತಾರೆ.

ಅದೇ ದಿನ ಕುಂಬಾರಗೇರಿಯ ಹಂಪವ್ವ ಅರಮನೆಯ ಅಂಗಳದಲ್ಲಿ ನಿಂತಿದ್ದಳು. ಗಂಡ ತೀರಿಕೊಂಡ ಮೇಲೆ ತಾನೇ ತಿಗರಿ ತಿರುಗಿಸಿ ಬದುಕುತ್ತಿದ್ದ ಹೆಂಗಸು. ಕೈ ಬಹಳ ಚೆನ್ನ, ಬಾಯಿ ಅದಕ್ಕಿಂತ ಜೋರು. ಅವಳು ಬಂದದ್ದು ಮಣ್ಣಿನ ಅಹವಾಲಿಗೆ. ಹಿರೇಕೆರೆಯ ಅಂಗಳದ ಜೇಡಿಮಣ್ಣೇ ಕೇರಿಯ ಹನ್ನೊಂದು ಮನೆಗಳ ಅನ್ನ. ಅದನ್ನು ತೋಡಿದರೆ ಕೆರೆ ಏರಿ ಸಡಿಲವಾಗುತ್ತದೆ ಎಂದು ಅರಮನೆಯವರು ಆಗ ತಾನೆ ಅಡ್ಡಿ ಮಾಡಿದ್ದರು. ಹಂಪವ್ವ ಮಾತು ಶುರುಮಾಡುವಷ್ಟರಲ್ಲಿ ಆ ಮರಿ ಎಲ್ಲಿಂದಲೋ ತೂರಾಡುತ್ತ ಬಂದು, ಅವಳ ಎರಡೂ ಪಾದಗಳ ಮೇಲೆ ಬಿದ್ದುಕೊಂಡು ಗೊರಕೆ ಹೊಡೆಯತೊಡಗಿತು. ನಾಯಕನ ಕಣ್ಣು ಅರಳಿತು. ಮಣ್ಣು ತೆಗೆದುಕೋ, ಈ ಮರಿಯನ್ನೂ ತೆಗೆದುಕೋ ಎಂದ. ನಾನು ದಂಡಿನಿಂದ ಹಿಂದಿರುಗಿದ ದಿನ ಇದು ನನ್ನೆದುರು ಎದ್ದು ನಿಲ್ಲಬೇಕು. ನಿಂತರೆ ಕೆರೆಯ ಮಣ್ಣು ನಿಮ್ಮ ಕೇರಿಗೆ ಶಾಶ್ವತ. ನಿಲ್ಲದಿದ್ದರೆ, ಸತ್ತಿದ್ದರೆ, ಕೆರೆಯ ಅಂಗಳಕ್ಕೆ ನೀವು ಯಾರೂ ಕಾಲಿಡಬಾರದು ಎಂದು ಷರತ್ತೂ ಹಾಕಿದ. ಹಂಪವ್ವ ಮರಿಯನ್ನು ನೋಡಿದಳು, ಅದರ ಪಾದ ನೋಡಿದಳು. ಒಂದೊಂದು ಪಾದವೂ ಹಣತೆಯಷ್ಟು ಅಗಲ. ಬೆಳೆದರೆ ಎಷ್ಟಾದೀತೆಂದು ಆಗಲೇ ಲೆಕ್ಕ ಹಾಕಿದಳು. ಆದರೆ ಮಣ್ಣಿಲ್ಲದ ಕುಂಬಾರಳು ಬೇಡ ಎನ್ನುವುದಾದರೂ ಹೇಗೆ? ಬುಟ್ಟಿಯಲ್ಲಿ ಹೊತ್ತು ತಂದಳು.

ರಣಧೀರ ಎಂಬ ಹೆಸರು ಕೇರಿಯ ಬಾಗಿಲಲ್ಲೇ ಬಿದ್ದುಹೋಯಿತು. ಆರು ತಿಂಗಳಲ್ಲಿ ಅದರ ಹೊಟ್ಟೆ ನೋಡಿದ ಹಂಪವ್ವ ಗುಡಾಣ ಎಂದು ಕರೆದಳು, ಅದೇ ನಿಂತಿತು. ಆ ಗುಡಾಣನ ಜೊತೆ ಬಾಳುವುದೆಂದರೆ ಏನು ಎಂದು ಸಾಕಿದವರಿಗೇ ಗೊತ್ತು. ಒಣಗಲಿಟ್ಟ ಹಸಿ ಮಡಕೆಗಳ ಸಾಲಿನ ಪಕ್ಕ ಹಾದುಹೋಗುತ್ತ, ಸಂತೋಷಕ್ಕೆ ಒಂದು ಸಲ ಬಾಲ ಬೀಸಿದರೆ ಏಳೆಂಟು ಮಡಕೆ ನೆಲಸಮ. ಬೈದರೆ, ತನ್ನನ್ನು ಮಾತನಾಡಿಸಿದರು ಎಂದು ಇನ್ನೂ ಸಂತೋಷ, ಇನ್ನೂ ಎಂಟು ಮಡಕೆ. ತಲೆ ಒದರಿದರೆ ಜೊಲ್ಲು ಹೋಗಿ ಮಾಡಿನ ಬಿದಿರಿಗೆ ಅಂಟುತ್ತಿತ್ತು. ಮುದ್ದೆಯಲ್ಲಿ ಕೂದಲು, ಹಾಲಿನಲ್ಲಿ ಕೂದಲು, ಹದಮಾಡಿದ ಮಣ್ಣಿನಲ್ಲೂ ಕೂದಲು. ತುಳಿದ ಮಣ್ಣಿನ ರಾಶಿ ತಣ್ಣಗಿರುತ್ತದೆಂದು ಅದರ ಮೇಲೇ ಮಲಗುತ್ತಿತ್ತು; ಅವಳು ಎಬ್ಬಿಸಿ, ಮಣ್ಣು ಸೋಸಿ, ಮತ್ತೆ ತುಳಿದು ಹದಕ್ಕೆ ತಂದರೆ, ತನಗಾಗಿಯೇ ಹಾಸಿಗೆ ಹಾಕಿದಳೆಂದು ಮತ್ತೆ ಬಂದು ಮಲಗುತ್ತಿತ್ತು. ಕಾವಲಿಗಾದರೂ ಆದೀತು ಎಂದುಕೊಂಡರೆ, ಹಾಡಹಗಲೇ ಕಳ್ಳನೊಬ್ಬ ಬಂದು ಅವಳ ತಾಮ್ರದ ಕೊಡ ಎತ್ತಿಕೊಂಡು ಹೋದಾಗ, ಇದು ಅವನ ಕೈ ನೆಕ್ಕುತ್ತ ಊರ ಬಾಗಿಲ ತನಕ ಬಿಟ್ಟು ಬಂತು. ಕೋಳಿಹುಂಜ ಕಂಡರೆ ಮಾತ್ರ ಹೆದರಿ ಅವಳ ಸೆರಗಿನ ಹಿಂದೆ ಅಡಗುತ್ತಿತ್ತು, ಕರುವಿನ ಗಾತ್ರದ ಪ್ರಾಣಿ ಸೆರಗಿನ ಹಿಂದೆ!

ಎಲ್ಲಕ್ಕಿಂತ ಅವಳ ತಲೆಕೆಡಿಸಿದ್ದು ಹೊಸ್ತಿಲು. ಮನೆಯಲ್ಲಿ ಅಷ್ಟು ಜಾಗವಿರಲು ಆ ನಾಯಿಗೆ ಮಲಗಲು ಹೊಸ್ತಿಲೇ ಬೇಕು, ಅದೂ ಅಡ್ಡಡ್ಡವಾಗಿ. ಬೆಳಿಗ್ಗೆ ಕೊಡ ಹಿಡಿದು ಹೊರಗೆ ಹೋಗಬೇಕಾದರೆ ಅದನ್ನು ಎಬ್ಬಿಸಬೇಕು. ತಳ್ಳಿದರೆ ಅಲುಗದು, ಎಳೆದರೆ ಜಗ್ಗದು. ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿಕೊಳ್ಳುತ್ತಿತ್ತು. "ಏಳೋ! ಏಳೋ ನನ್ನ ಶನಿಯೇ! ನಿನ್ನನ್ನ ದಾಟಿ ದಾಟಿ ನನ್ನ ಸೊಂಟ ಬಿದ್ದು ಹೋಯ್ತಲ್ಲೋ, ಏಳೋ!" ಕೋಳಿ ಕೂಗಿದ್ದನ್ನು ಕೇಳಿ ಯಾರೂ ಏಳದಿದ್ದರೂ, ಹಂಪವ್ವನ ಈ ಕೂಗಿಗೆ ಹನ್ನೊಂದು ಮನೆಯವರೂ ಏಳುತ್ತಿದ್ದರಂತೆ. ಏಳದೆ ಇರುತ್ತಿದ್ದುದು ನಾಯಿಯೊಂದೇ. ಕೊನೆಗೆ ಅವಳೇ ಸೀರೆ ಎತ್ತಿಕಟ್ಟಿ, ಕಾಲು ಎತ್ತಿಟ್ಟು, ಅದನ್ನು ದಾಟಿ ಹೋಗುತ್ತಿದ್ದಳು. ಅವಳು ದಾಟಿದ ಮರುಕ್ಷಣ ಅದು ಎದ್ದು ಹಿಂದೆ ಬರುತ್ತಿತ್ತು.

ಆದರೆ ಬೈದರೂ ತಪ್ಪದೆ ಊಟ ಹಾಕುತ್ತಿದ್ದಳು. ಹಾಕುವುದೇನು, ಸುರಿಯುತ್ತಿದ್ದಳು. ಇಲ್ಲೇ ಕೇರಿಯವರೆಲ್ಲರೂ ಎಡವಿದ್ದು. ನಾಯಿ ಸತ್ತರೆ ಮಣ್ಣು ಹೋಗುತ್ತದೆ. ಆದ್ದರಿಂದ ನಾಯಿಗೆ ಒಂದು ಹೊತ್ತೂ ಹಸಿವಾಗಬಾರದು ಎಂದು ಕೇರಿ ತೀರ್ಮಾನಿಸಿತು. ದಿನಕ್ಕೆ ಮನೆಗೊಂದು ಮುದ್ದೆ, ಹನ್ನೊಂದು ಮನೆಯ ಹನ್ನೊಂದು ಮುದ್ದೆ, ಅದರ ಮೇಲೆ ಹಾಲು, ಬೆಲ್ಲ, ಹಬ್ಬದ ದಿನ ಹೋಳಿಗೆ. ಕುಂಬಾರರಿಗೆ ಗಾತ್ರವೇ ಲೆಕ್ಕ. ಗೋಡೆ ದಪ್ಪವಿದ್ದರೆ ಗುಡಾಣ ಗಟ್ಟಿ ಎಂದು ಬಲ್ಲವರು. ಮರಿ ವಾರಕ್ಕೊಂದು ಗೇಣಿನಂತೆ ಬೆಳೆಯುವುದನ್ನು ನೋಡಿ, ನಮ್ಮ ಕೈಗುಣ ನೋಡಿ ಎಂದು ಹಿಗ್ಗಿದರು. ಹಸಿ ಗುಡಾಣವನ್ನು ಒಂದೇ ದಿನದಲ್ಲಿ ಎತ್ತರಿಸಿದರೆ ತಳ ಕುಸಿಯುತ್ತದೆ, ಅಡಿ ಆರಿದ ನಂತರವೇ ಮೇಲೆ ಮಣ್ಣು ಏರಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುವ ಆ ಜನರಲ್ಲಿ ಒಬ್ಬರಿಗೂ ಇದು ನಾಯಿಯ ವಿಷಯದಲ್ಲಿ ಹೊಳೆಯಲಿಲ್ಲ.

ನಾಲ್ಕನೆಯ ವರ್ಷ ಗುಡಾಣ ಹಿಂಗಾಲು ಎಳೆಯತೊಡಗಿತು. ಆ ದಾರಿಯಲ್ಲಿ ಹೋಗುತ್ತಿದ್ದ ಮೀರಾಸಾಹೇಬನೆಂಬ ಕುದುರೆವೈದ್ಯನನ್ನು ಹಂಪವ್ವ ಕರೆತಂದಳು. ಅವನು ಸೊಂಟ ಒತ್ತಿ ನೋಡಿ, ಕಾಲು ಮಡಿಸಿ ನೋಡಿ, ಮೊದಲ ವರ್ಷ ಏನು ಹಾಕಿದಿರಿ ಎಂದು ಕೇಳಿದ. ಅವಳು ಹೆಮ್ಮೆಯಿಂದಲೇ ಹೇಳಿದಳು. ವೈದ್ಯ ಹಣೆ ಹಣೆ ಬಡಿದುಕೊಂಡ. "ಇಷ್ಟು ದೊಡ್ಡ ಜಾತಿ ನಿಧಾನಕ್ಕೆ ಬೆಳೀಬೇಕು ತಾಯಿ. ಮೂಳೆ ಬಲಿಯೋ ಮೊದಲೇ ಮೈ ಏರಿಸಿಬಿಟ್ಟಿದ್ದೀರಿ. ಈಗ ಆ ಕಾಲು ಈ ಭಾರ ಹೊರೋದಿಲ್ಲ." ಇನ್ನೂ ಒಂದು ಮಾತು ಹೇಳಿದ. ಈ ಜಾತಿಗೆ ಆಯುಸ್ಸೇ ಎಂಟೋ ಒಂಬತ್ತೋ ವರ್ಷ, ಊರ ನಾಯಿಯಂತೆ ಹದಿನೈದು ವರ್ಷ ಬಾಳುವುದಲ್ಲ ಎಂದ. ವೈದ್ಯ ಹೋದ ಮೇಲೆ ಹಂಪವ್ವ ತಿಗರಿಯ ಮುಂದೆ ಕುಳಿತಳು, ಆದರೆ ಅಂದು ಅದನ್ನು ತಿರುಗಿಸಲಿಲ್ಲ. ಮಣ್ಣಿನ ಆಸೆಗೆ ನಾನೇ ಇದರ ಕಾಲು ಮುರಿದೆ ಎಂಬ ಸಂಕಟ ಅವಳ ಎದೆಯಲ್ಲಿ ಅಂದು ಕೂತದ್ದು ಮತ್ತೆ ಏಳಲಿಲ್ಲ ಎನ್ನುತ್ತಾರೆ. ಗುಡಾಣ ಬಂದು ಅವಳ ಪಾದದ ಮೇಲೆ ಗದ್ದ ಇಟ್ಟಿತು. ಪಾದ ಜೋಮು ಹಿಡಿದರೂ ಅವಳು ಕಾಲು ಎಳೆದುಕೊಳ್ಳಲಿಲ್ಲ.

ಅಲ್ಲಿಂದ ಮುಂದಿನ ನಾಲ್ಕು ವರ್ಷ ಅವಳು ಪಟ್ಟ ಪಾಡು ದೇವರಿಗೇ ಪ್ರೀತಿ. ಹನ್ನೊಂದು ಮುದ್ದೆಯನ್ನು ಮೂರಕ್ಕೆ ಇಳಿಸಿದಳು. ಅದಕ್ಕೆ ಆ ನಾಯಿ ಅಳುವುದನ್ನು ಕೇಳಲಾರದೆ ಕೇರಿಯವರು ಕದ್ದು ಹಾಕುವುದು, ಇವಳು ಹೋಗಿ ಅವರ ಜೊತೆ ಜಗಳ ಆಡುವುದು. ದಿನಾ ಬೆಳಿಗ್ಗೆ ಹರಳೆಣ್ಣೆ ಬಿಸಿಮಾಡಿ ಸೊಂಟಕ್ಕೆ ತಿಕ್ಕುವುದು. ಆಮೇಲೆ ತೀರಿಹೋದ ಗಂಡನ ರುಮಾಲನ್ನು ಅದರ ಹೊಟ್ಟೆಯ ಕೆಳಗೆ ಹಾಯಿಸಿ, ಎರಡೂ ತುದಿ ಹಿಡಿದು ಮೇಲೆತ್ತಿ, "ಏಳೋ, ಏಳೋ ನನ್ನಪ್ಪಾ" ಎಂದು ನಡೆಸುವುದು. ಹೊಸ್ತಿಲು ಹತ್ತಲಾರದಾದಾಗ ಗೋಣಿಮರದ ನೆರಳಿನಲ್ಲಿ ತಾನೇ ಕಟ್ಟೆ ಕಟ್ಟಿದಳು: ಅದರ ಕಾಲಿಗೆ ಎಟುಕುವಂತೆ ಒಂದು ಗೇಣು ಎತ್ತರ, ಹತ್ತಲು ಇಳಿಜಾರು, ದಪ್ಪ ಮೈಗೆ ಸೆಕೆಯಾಗದಿರಲೆಂದು ಹಾಸಿದ ಓಡಿನ ಮೇಲೆ ಹೊತ್ತುಹೊತ್ತಿಗೆ ನೀರು. ಓಡಿಗೆ ಬರವಿರಲಿಲ್ಲ, ಎಲ್ಲ ಅದೇ ತನ್ನ ಬಾಲದಿಂದ ಒಡೆದು ಕೂಡಿಟ್ಟದ್ದು. ಇಷ್ಟಾದರೂ ಬೈಗುಳ ಒಂದು ದಿನವೂ ನಿಲ್ಲಲಿಲ್ಲ. ಆಕೆಯ ಪ್ರೀತಿಗೆ ಬೇರೆ ಭಾಷೆ ಗೊತ್ತಿರಲಿಲ್ಲ.

ಎಂಟನೆಯ ವರ್ಷ ನಾಯಕ ದಂಡಿನಿಂದ ಹೊರಟಿದ್ದಾನೆ, ಮೂರು ದಿನದಲ್ಲಿ ಊರು ಮುಟ್ಟುತ್ತಾನೆ ಎಂಬ ಸುದ್ದಿ ಬಂತು. ಗುಡಾಣ ಆಗ ಕಟ್ಟೆಯಿಂದ ಏಳದೆ ತಿಂಗಳಾಗಿತ್ತು. ಕೇರಿಯ ಹಿರಿಯನಾದ ಮಲ್ಲಶೆಟ್ಟಿ ಗಂಡಸರನ್ನು ಸೇರಿಸಿ ಉಪಾಯ ಹೇಳಿದ: ಹೊಟ್ಟೆಯ ಕೆಳಗೆ ಎರಡು ರುಮಾಲು ಹಾಯಿಸಿ, ಮೇಲೆ ಕಂಬಳಿ ಹೊದಿಸಿ, ನಾಲ್ವರು ಭಕ್ತಿಯಿಂದ ಬಗ್ಗಿ ನಿಂತವರಂತೆ ಎರಡೂ ಕಡೆ ಹಿಡಿದುಕೊಳ್ಳುವುದು. ನಾಯಕ ಬಂದು ನೋಡಿ ಹೋಗುವಷ್ಟು ಹೊತ್ತು ನಿಂತರೆ ಸಾಕು. ಹಂಪವ್ವ ಒಪ್ಪಿದಳು. ಒಪ್ಪದೆ ಏನು ಮಾಡುತ್ತಾಳೆ? ಹನ್ನೊಂದು ಮನೆಯ ಒಲೆ ಆ ನಾಯಿಯ ನಾಲ್ಕು ಕಾಲಿನ ಮೇಲೆ ನಿಂತಿತ್ತು. ನಾಯಕ ಬರುವ ಹಿಂದಿನ ದಿನ ಒಮ್ಮೆ ಎತ್ತಿ ನೋಡಿದರು. ಎಂಟು ವರ್ಷದಲ್ಲಿ ಒಬ್ಬರ ಮೇಲೂ ಬೊಗಳದ, ಗುರ್ ಎನ್ನದ ನಾಯಿ, ಆವತ್ತು ಮಗುವಿನಂತೆ ಚೀರಿತು. ಚೀರಿ, ತನ್ನಿಂದ ಏನೋ ತಪ್ಪಾಯಿತು ಎಂಬಂತೆ ರುಮಾಲು ಹಿಡಿದವರ ಕೈ ನೆಕ್ಕಿತು. ಮಲ್ಲಶೆಟ್ಟಿ ಮುಖ ತಿರುಗಿಸಿಕೊಂಡು, ನಾಳೆ ಒಂದು ದಿನ, ಒಂದೇ ಒಂದು ದಿನ ಎಂದ.

ಆ ನಾಳೆ ಬಂತು. ಕೊಂಬು ಕೂಗಿತು. ನಾಯಕನ ಕುದುರೆ ಕೆರೆಯ ಏರಿಯಿಂದ ಇಳಿದು ಬರುತ್ತಲೇ ಊರಿಗೆ ಊರೇ ಎದ್ದು ನಿಂತಿತು. ಆ ಕಾಲದಲ್ಲಿ ನಾಯಕ ಬರುವಾಗ ಕುಳಿತವನ ತಲೆ ಉಳಿಯುತ್ತಿರಲಿಲ್ಲ. ನಾಲ್ವರು ರುಮಾಲಿನ ತುದಿ ಹಿಡಿದು ಸಿದ್ಧರಾದರು. ಹಂಪವ್ವ ಕಟ್ಟೆಯ ಮೇಲೆ ನಾಯಿಯ ತಲೆಯ ಬಳಿ ಕುಳಿತಿದ್ದಳು. ಎಲ್ಲರೂ ಎದ್ದದ್ದನ್ನು ಕಂಡು, ತಾನೂ ಏಳಬೇಕೆಂದು ಗುಡಾಣನಿಗೆ ಯಾಕೆ ಅನ್ನಿಸಿತೋ ಏನೋ, ಅಂದು ಯಾರೂ ಏಳೋ ಎನ್ನದೆಯೇ ಮುಂಗಾಲು ಊರಿತು. ಓಡಿನ ಮೇಲೆ ಉಗುರು ಕರಕರ ಎಂದಿತು. ಅರ್ಧ ಎದ್ದಿತು, ಮೈ ನಡುಗಿತು, ನಡುಗುತ್ತಲೇ ಅವಳ ಮುಖ ನೋಡಿತು. ಹಂಪವ್ವ ಅದರ ಹೆಗಲ ಮೇಲೆ ಎರಡೂ ಕೈ ಇಟ್ಟು ಒತ್ತಿದಳು. "ಏಳಬೇಡ," ಎಂದಳು. "ಏಳಬೇಡ ಕಂದಾ, ಮಲಗು." ಅದು ಮಲಗಿತು. ಅವಳು ರುಮಾಲು ಎಳೆದು ತೆಗೆದು, ಅದರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಅಯ್ಯೋ ಪಾಪಿ, ಏನು ಮಾಡಿದೆಯೇ!" ಎಂದು ಮಲ್ಲಶೆಟ್ಟಿ ಬಾಯಿ ಬಾಯಿ ಬಡಿದುಕೊಂಡ.

ನಾಯಕ ಕುದುರೆಯಿಂದ ಇಳಿದು ಕಟ್ಟೆಯ ಮುಂದೆ ನಿಂತ. ಎಂಟು ವರ್ಷದಲ್ಲಿ ಅವನ ಗಡ್ಡವೂ ನರೆತಿತ್ತು. ಎದುರಿಗೆ ಏಳದ ನಾಯಿ, ಏಳದ ಹೆಂಗಸು. "ಎಬ್ಬಿಸು," ಎಂದ. ಹಂಪವ್ವ ತಲೆ ಎತ್ತಿ ಹೇಳಿದಳು: "ಎಬ್ಬಿಸಾಕಿಲ್ಲ ಬುದ್ಧಿ. ಎಂಟು ವರ್ಷ ಏಳೋ ಏಳೋ ಅಂತ ಬಡ್ಕೊಂಡೆ, ನನ್ನ ಬಾಯೇ ಬಿದ್ದೋಯ್ತು. ನಿಮ್ಮ ಮಾತಿಗೆ ಹೆದರಿ ಹೊಟ್ಟೆ ಬಿರಿಯಂಗೆ ಉಣಿಸಿದೆ, ನಾನೇ ಇದರ ಕಾಲು ತಿಂದೆ. ಇನ್ನು ಎಬ್ಬಿಸಾಕೆ ನನ್ನ ಕೈಲಾಗಾಕಿಲ್ಲ. ಮಣ್ಣು ತಗೊಳ್ಳಿ, ಬೇಕಾದ್ರೆ ನನ್ನ ತಲೆಯೂ ತಗೊಳ್ಳಿ. ಇದು ಮಲಗಿರ್ಲಿ."

ನಾಯಕನೂ ಹಟದವನೇ. ಅದು ಏಳುವ ತನಕ ನಾನು ಇಲ್ಲೇ ನಿಲ್ಲುತ್ತೇನೆ ಎಂದುಬಿಟ್ಟ. ನಿಂತ. ಅವನು ನಿಂತದ್ದರಿಂದ ಊರೆಲ್ಲ ನಿಂತಿತು, ದಂಡೆಲ್ಲ ನಿಂತಿತು. ಹೊತ್ತು ಏರಿತು, ಬಿಸಿಲು ನೆತ್ತಿಗೆ ಬಂತು, ಅರಮನೆಯಲ್ಲಿ ಮಾಡಿಟ್ಟ ಅಡಿಗೆ ಆರಿತು. ಕುಳಿತದ್ದು ಹಂಪವ್ವ ಒಬ್ಬಳೇ, ಮಲಗಿದ್ದು ನಾಯಿ ಒಂದೇ, ಅದೂ ಗೊರಕೆ ಹೊಡೆಯುತ್ತ. ಆಮೇಲೆ ನಡೆದದ್ದನ್ನು ಅರಮನೆ ಕಡೆಯವರು ಒಂದು ಬಗೆ ಹೇಳುತ್ತಾರೆ, ನಾಯಕನ ಎದೆ ಕರಗಿತು ಎಂದು. ಕುಂಬಾರಗೇರಿಯವರು ಅದನ್ನು ಒಪ್ಪುವುದಿಲ್ಲ. ಎದೆಯೂ ಇಲ್ಲ, ಕರಗಿದ್ದೂ ಇಲ್ಲ, ಮೊಣಕಾಲು ನೋವು ಬಂದು ಕುಳಿತ ಎನ್ನುತ್ತಾರೆ. ಹೇಗಾದರೂ ಇರಲಿ, ಕುಳಿತನಂತೂ ನಿಜ. ಆ ಗೇಣೆತ್ತರದ ಕಟ್ಟೆಯ ಅಂಚಿನಲ್ಲಿ, ಕುಂಬಾರಳ ಪಕ್ಕದಲ್ಲಿ. ಕುಳಿತದ್ದೇ ತಡ, ಗುಡಾಣ ಕಣ್ಣು ತೆರೆದು, ಇನ್ನೊಂದು ತೊಡೆ ಸಿಕ್ಕಿತು ಎಂಬಂತೆ ತೆವಳಿ, ಕಲ್ಲುಗುಂಡಿನಂಥ ತನ್ನ ತಲೆಯನ್ನು ಅವನ ಜರತಾರಿ ಉಡುಪಿನ ಮೇಲೆ ಇಟ್ಟಿತು, ಜೊಲ್ಲಿನ ಸಮೇತ. ಮಂತ್ರಿ ಓಡಿಬಂದು, ಒಡ್ಡೋಲಗದ ಮುಹೂರ್ತ ಮೀರುತ್ತಿದೆ, ಪ್ರಭುಗಳು ಏಳಬೇಕು ಎಂದ. ನಾಯಕ ಒಮ್ಮೆ ಏಳಲು ನೋಡಿದ. ಅಷ್ಟು ಭಾರದ ತಲೆ, ಅಷ್ಟು ನೆಮ್ಮದಿಯ ನಿದ್ದೆ. ಕೈಸನ್ನೆ ಮಾಡಿ, ಮೆಲ್ಲಗೆ, "ಹೇಗೆ ಏಳಲಯ್ಯಾ, ಮಲಗಿದೆಯಲ್ಲ," ಎಂದ. ಹಂಪವ್ವನಿಗೆ ಎಂಟು ವರ್ಷದಲ್ಲಿ ಮೊದಲ ಸಲ ತನ್ನ ಕಷ್ಟ ಇನ್ನೊಬ್ಬರಿಗೆ ಅರ್ಥವಾಯಿತು ಎನ್ನಿಸಿತಂತೆ.

ಹೊತ್ತು ಇಳಿಯುವಾಗ ಗೊರಕೆ ನಿಂತಿತು. ಅದು ನಿಂತದ್ದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಹಂಪವ್ವ ಅಳಲಿಲ್ಲ, ಸೆರಗಿನಿಂದ ಅದರ ಬಾಯಿ ಒರೆಸಿದಳು, ಹಾಗೆಯೇ ನಾಯಕನ ಉಡುಪಿನ ಜೊಲ್ಲನ್ನೂ ಒರೆಸಿದಳು. ನಾಯಕ ಬಹಳ ಹೊತ್ತಿನ ಮೇಲೆ ಎದ್ದು, ಮಲ್ಲಶೆಟ್ಟಿಯನ್ನು ಕರೆದು ಹೇಳಿದ: ನಾಯಿ ನನ್ನೆದುರು ನಿಲ್ಲಲಿಲ್ಲ, ನನ್ನ ಮಾತು ಮಾತೇ, ಕೆರೆಯ ಮಣ್ಣು ನಿಮಗಿಲ್ಲ. ನನ್ನ ಕುದುರೆ ಮೇಯುವ ಮಾಳದ ಮಣ್ಣು ತೋಡಿಕೊಳ್ಳಿ, ಅದಕ್ಕೆ ನನ್ನ ಮಾತಿನ ಕಟ್ಟಿಲ್ಲ. ಇನ್ನೊಂದು: ಈ ಕಟ್ಟೆಯ ಮೇಲೆ ಕುಳಿತವರು ಯಾರು ಬಂದರೂ ಏಳಬೇಕಾಗಿಲ್ಲ, ನಾನು ಬಂದರೂ. ಮಾಳದ ಮಣ್ಣಿನಲ್ಲಿ ಹರಳು ಜಾಸ್ತಿ, ಸೋಸಿ ಸೋಸಿ ಕೈ ಬೀಳುತ್ತದೆ ಎಂದು ಮಲ್ಲಶೆಟ್ಟಿ ಸಾಯುವ ತನಕ ಗೊಣಗಿದ. ಆದರೆ ಹನ್ನೊಂದು ಮನೆಯಲ್ಲಿ ಒಂದು ಒಲೆಯೂ ಆರಲಿಲ್ಲ. ಹಂಪವ್ವ ತನ್ನ ಕೈಯಿಂದ ಮಾಡಿದ ಅತಿ ದೊಡ್ಡ ಗುಡಾಣವನ್ನು ಕಟ್ಟೆಯ ಪಕ್ಕದಲ್ಲಿ ನಾಯಿಯನ್ನು ಹೂತ ಜಾಗದ ತಲೆಗೆ ನೆಟ್ಟು ನೀರು ತುಂಬಿಸಿದಳು. ಆಮೇಲೆಯೂ ಬಹಳ ವರ್ಷ ಬದುಕಿದಳು. ದಿನಾ ಬೆಳಿಗ್ಗೆ ಕೊಡ ಹಿಡಿದು ಹೊರಗೆ ಬರುವಾಗ, ಬರಿದಾದ ಹೊಸ್ತಿಲಿನ ಮುಂದೆ ಒಂದು ಗಳಿಗೆ ನಿಂತು, ಸೀರೆ ಎತ್ತಿಕಟ್ಟಿ, ಕಾಲು ಎತ್ತರಕ್ಕೆ ಎತ್ತಿಟ್ಟು ದಾಟುತ್ತಿದ್ದಳು ಎನ್ನುತ್ತಾರೆ.

ಇಂದು ಹೋದರೆ ಕುದುರೆ ಮಾಳದಲ್ಲಿ ಮಣ್ಣು ತೋಡಿದ ಹೊಂಡ ನೀರು ತುಂಬಿ ಸಣ್ಣ ಕೆರೆಯೇ ಆಗಿರುವುದನ್ನು ನೋಡಬಹುದು. ಗೋಣಿಮರದ ಅಡಿಯ ಗುಡಾಣ ಒಡೆದಾಗಲೆಲ್ಲ ಕೇರಿಯವರು ಹೊಸದನ್ನು ನೆಡುತ್ತಾರೆ. ಈಗಿನದು ಎಷ್ಟನೆಯದು ಎಂದು ಯಾರಿಗೂ ತಿಳಿಯದು. ಕಟ್ಟೆಯ ಮೇಲೆ ಸದಾ ನಾಲ್ಕಾರು ಮಂದಿ ಕುಳಿತಿರುತ್ತಾರೆ. ಜೀಪಿನಲ್ಲಿ ಅಧಿಕಾರಿಗಳು ಬರುತ್ತಾರೆ, ಓಟಿನ ಕಾಲಕ್ಕೆ ದೊಡ್ಡವರು ಬರುತ್ತಾರೆ, ಇವರು ಕುಳಿತಲ್ಲಿಂದಲೇ ಕೈಮುಗಿಯುತ್ತಾರೆ. ಊರಿಗೆ ಹೊಸಬರಾದವರು ಇದೇನು ಸೊಕ್ಕು ಎಂದು ಮುಖ ಗಂಟಿಕ್ಕುವುದುಂಟು. ಹೊರ ಊರಿನಿಂದ ಬಂದ ಮುದುಕರೋ, ಕೂಲಿಯಿಂದ ದಣಿದ ಹೆಂಗಸರೋ ಅಲ್ಲಿ ಕುಳಿತಿದ್ದು, ಯಾರೋ ದೊಡ್ಡವರು ಬಂದರೆಂದು ಗಾಬರಿಯಿಂದ ಮೊಣಕಾಲು ಊರಿ ಏಳಲು ಹೊರಟರೆ, ಪಕ್ಕದಲ್ಲಿ ಕುಳಿತವರು ಯಾರೇ ಆಗಿರಲಿ, ಅವರ ಹೆಗಲ ಮೇಲೆ ಕೈಯಿಟ್ಟು ಮೆಲ್ಲನೆ ಒತ್ತಿ, ಏಳಬೇಡ ಎನ್ನುತ್ತಾರೆ.